ವ್ಯಾಟಲ್, ಲೋರ್, ಕೋಮಾ: ಅಪರೂಪದ ಇಂಗ್ಲಿಷ್ ಪದಗಳ ಅರ್ಥ ಹಿಡಿಯುವ ಕ್ರಮ

ಮಡ್ಡಿ ಹೊಲಗಳಲ್ಲಿ ಕಾಣುವ ಹಳದಿ ಟಿಟ್ಟಿಭಕ್ಕೆ ಇಂಗ್ಲಿಷ್‌ನಲ್ಲಿ ಯೆಲ್ಲೊ ವ್ಯಾಟಲ್ಡ್ ಲ್ಯಾಪ್‌ವಿಂಗ್ ಎಂದು ಹೆಸರು. ಈ 'ವ್ಯಾಟಲ್' ಏನೆಂದು ನಿಘಂಟು ತೆಗೆದು ನೋಡಿದರೆ ಮೂರು ಅರ್ಥ ಸಿಗುತ್ತವೆ. ಕಡ್ಡಿ, ದಬ್ಬೆ ಹೆಣೆದು ಮಾಡಿದ ತಟ್ಟಿ ಒಂದು. ಆಸ್ಟ್ರೇಲಿಯಾದ ಅಕೇಶಿಯಾ ಮರಗಳು ಇನ್ನೊಂದು. ಹಕ್ಕಿಯ ಮುಖದಿಂದಲೋ ಕುತ್ತಿಗೆಯಿಂದಲೋ ಜೋಲುವ ತೊಗಲು ಮೂರನೆಯದು. ಇಲ್ಲಿ ಬೇಕಾದದ್ದು ಮೂರನೆಯದು: ಟಿಟ್ಟಿಭದ ಕಣ್ಣಿನ ಮುಂದೆ, ಕೊಕ್ಕಿನ ಬುಡದ ಹತ್ತಿರ ಇರುವ ಹಳದಿ ತೊಗಲು. ಹುಂಜದ ಗದ್ದದ ಕೆಳಗೆ ಜೋಲುವ ಕೆಂಪು ತೊಗಲೂ ವ್ಯಾಟಲ್ಲೇ. ಅದರ ನೆತ್ತಿಯ ಮೇಲಿನದಕ್ಕೆ ಬೇರೆ ಹೆಸರಿದೆ, ಕೋಂಬ್.

ಇಂಥ ಪದದ ಅರ್ಥ ತಿಳಿಯಿತು ಎನ್ನಬೇಕಾದರೆ ಆ ಭಾಗವನ್ನು ಬೆರಳಿಟ್ಟು ತೋರಿಸಲು ಬರಬೇಕು. ನಿಘಂಟಿನ ಸಾಲನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಅಂಕ ಬರಬಹುದು, ಮುಂದಿನ ಪುಸ್ತಕ ಓದಲು ಅದು ಸಾಲದು. ಕನ್ನಡ ಮಾಧ್ಯಮದಲ್ಲಿ ಓದಿ ಬಿಎಸ್ಸಿಗೋ ಕೃಷಿ ಪದವಿಗೋ ಹೋದವರು, ಅರಣ್ಯ ಇಲಾಖೆಯ ಪರೀಕ್ಷೆಗೆ ಕೂರುವವರು, ಧೂಪದಾಳದ ಘಟಪ್ರಭಾ ಪಕ್ಷಿಧಾಮಕ್ಕೋ ಆಲಮಟ್ಟಿ ಹಿನ್ನೀರಿಗೋ ದುರ್ಬೀನು ಹಿಡಿದು ಹೋಗುವವರು, ಇವರಿಗಾಗಿ ಮುಂದಿನ ಕ್ರಮ.

ಬೇಕಾಗುವ ಸಾಮಾನು

ಇನ್ನೂರು ಪುಟದ ಗೆರೆಯಿಲ್ಲದ ನೋಟ್‌ಬುಕ್, ಮಿಲಿಮೀಟರ್ ಗುರುತಿರುವ ಸ್ಕೇಲು, ಒಂದು ಬ್ಲೇಡು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಮಸೂರ. ಮಸೂರವನ್ನು ಹೊಸಬರು ಎಲೆಯ ಹತ್ತಿರ ಹಿಡಿದು ದೂರದಿಂದ ನೋಡುತ್ತಾರೆ, ಆಗ ಎಲ್ಲ ಮಬ್ಬು. ಮಸೂರವನ್ನು ಕಣ್ಣಿಗೆ ತಾಗಿಸಿದಂತೆ ಹಿಡಿದು, ಎಲೆಯನ್ನು ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ ತರಬೇಕು. ಬೆಳಕು ಎಲೆಯ ಮೇಲೆ ಬೀಳುವಂತೆ ನಿಲ್ಲಿ.

ನಿಘಂಟುಗಳಲ್ಲಿ ಒಂದು ಒಳ್ಳೆಯ ಇಂಗ್ಲಿಷ್‌–ಇಂಗ್ಲಿಷ್ ನಿಘಂಟು, ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್‌–ಕನ್ನಡ ನಿಘಂಟು, ಇವೆರಡು ಸಾಕು. ನೀವು ಓದುತ್ತಿರುವ ಪುಸ್ತಕದ ಹಿಂಬದಿಯ ಪದಕೋಶವನ್ನು ಮಾತ್ರ ಬಿಡಬೇಡಿ. ಹಕ್ಕಿ ಪುಸ್ತಕಗಳ ಮೊದಲ ಪುಟಗಳಲ್ಲಿ ಹಕ್ಕಿಯ ಚಿತ್ರ ಬರೆದು ಪ್ರತಿ ಭಾಗಕ್ಕೆ ಗೆರೆ ಎಳೆದು ಹೆಸರು ಕೊಟ್ಟಿರುತ್ತಾರೆ. ಯಾವ ನಿಘಂಟಿಗಿಂತಲೂ ಆ ಒಂದು ಪುಟ ಹೆಚ್ಚು ಕೆಲಸಕ್ಕೆ ಬರುತ್ತದೆ. ಅದನ್ನು ಜೆರಾಕ್ಸ್ ಮಾಡಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳಿ.

ಮೊದಲು: ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ

ಪದ ಬಂದ ಇಡೀ ವಾಕ್ಯವನ್ನು ಬರೆಯಿರಿ. ಅದರ ಕೆಳಗೆ ಮೂರು ವಿಷಯ ಗುರುತು ಹಾಕಿ: ಪುಸ್ತಕ ಯಾವುದರ ಬಗ್ಗೆ, ಯಾವ ವರ್ಷದ್ದು, ಬ್ರಿಟನ್ನಿನದೋ ಅಮೆರಿಕದ್ದೋ. ಈ ಮೂರೂ ಅರ್ಥವನ್ನೇ ಬದಲಿಸುತ್ತವೆ. 'ವೇಡರ್' ಎಂದರೆ ಬ್ರಿಟಿಷ್ ಮತ್ತು ಭಾರತದ ಪುಸ್ತಕಗಳಲ್ಲಿ ದಡದ ಕೆಸರಿನಲ್ಲಿ ಓಡಾಡುವ ಉಲ್ಲಂಕಿ, ಗೊರವಗಳಂಥ ಹಕ್ಕಿಗಳು. ಅಮೆರಿಕದವರು ಇವನ್ನೇ 'ಶೋರ್‌ಬರ್ಡ್' ಎನ್ನುತ್ತಾರೆ, 'ವೇಡಿಂಗ್ ಬರ್ಡ್' ಎಂದು ಉದ್ದಕಾಲಿನ ಬಕ, ಕೊಕ್ಕರೆಗಳಿಗೆ ಹೇಳುತ್ತಾರೆ. ಧೂಪದಾಳದಲ್ಲಿ ಎರಡೂ ಗುಂಪಿನ ಹಕ್ಕಿಗಳು ಸಿಗುವುದರಿಂದ ಪಟ್ಟಿ ಮಾಡುವಾಗ ಈ ಗೊಂದಲ ನಿಜವಾಗಿಯೂ ಬರುತ್ತದೆ.

'ಈಸ್ಟಿವೇಶನ್' ಇನ್ನೂ ಕಠಿಣ. ಪ್ರಾಣಿಶಾಸ್ತ್ರದಲ್ಲಿ ಅದು ಬೇಸಿಗೆ ನಿದ್ದೆ: ಕಪ್ಪೆ ಬಿಸಿಲುಗಾಲವನ್ನು ಮಣ್ಣಿನೊಳಗೆ ಮಿಸುಕದೆ ಕಳೆಯುವುದು. ಸಸ್ಯಶಾಸ್ತ್ರದಲ್ಲಿ ಮೊಗ್ಗಿನೊಳಗೆ ದಳಗಳು ಒಂದಕ್ಕೊಂದು ಹೊಂದಿಕೊಂಡಿರುವ ರೀತಿ. ಪುಟದ ವಿಷಯ ನೋಡದೆ ನಿಘಂಟಿನ ಮೊದಲ ಅರ್ಥ ಹಾಕಿದವರ ಅನುವಾದದಲ್ಲಿ ದಾಸವಾಳ ನಿದ್ದೆ ಹೋಗಿಬಿಡುತ್ತದೆ.

ಸುಲಭ ಪದಗಳೇ ಹೆಚ್ಚು ಮೋಸ ಮಾಡುತ್ತವೆ

'ಕ್ರೆಪಸ್ಕ್ಯುಲರ್' ಕಂಡರೆ ಯಾರಾದರೂ ನಿಘಂಟು ತೆಗೆಯುತ್ತಾರೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಓಡಾಡುವ ಪ್ರಾಣಿ ಎಂದು ತಿಳಿಯುತ್ತದೆ. ಗೊತ್ತಿದೆ ಅನ್ನಿಸುವ ಪದವನ್ನು ಯಾರೂ ಹುಡುಕುವುದಿಲ್ಲ, ತಪ್ಪಾಗುವುದು ಅಲ್ಲೇ. 'ಲೋರ್' ಎಂದರೆ ಜನಪದ ತಿಳಿವಳಿಕೆ ಎಂದು ನಿಘಂಟು ಹೇಳುತ್ತದೆ, ಹಕ್ಕಿ ಪುಸ್ತಕದಲ್ಲಿ ಅದು ಕಣ್ಣಿಗೂ ಕೊಕ್ಕಿನ ಬುಡಕ್ಕೂ ನಡುವಿನ ಜಾಗ. 'ವೆಂಟ್' ಎಂದರೆ ಗಾಳಿಕಿಂಡಿ. ಆದರೆ ಊರ ತುಂಬ ಕಾಣುವ ರೆಡ್ ವೆಂಟೆಡ್ ಬುಲ್‌ಬುಲ್‌ನಲ್ಲಿ, ಅಂದರೆ ನಮ್ಮ ಪಿಕಳಾರದಲ್ಲಿ, ಅದು ಬಾಲದ ಬುಡದ ಅಡಿಭಾಗ. ಆ ಕೆಂಪು ಕಲೆಗೇ ಈ ಹೆಸರು. 'ಮ್ಯಾಂಟಲ್' ಹಕ್ಕಿಯಲ್ಲಿ ಮೇಲ್ಬೆನ್ನು, ಶಂಖದ ಹುಳುವಿನಲ್ಲಿ ಚಿಪ್ಪನ್ನು ಸ್ರವಿಸುವ ಮೆತ್ತನೆಯ ಪದರ, ಭೂಗರ್ಭಶಾಸ್ತ್ರದಲ್ಲಿ ಭೂಮಿಯ ತೊಗಟೆಯ ಕೆಳಗಿನ ಪದರ. 'ಎಕ್ಲಿಪ್ಸ್' ಎಂಬುದು ಗಂಡು ಬಾತುಕೋಳಿ ಮರಿಮಾಡುವ ಕಾಲ ಮುಗಿದ ಮೇಲೆ ತಳೆಯುವ ಮಂಕು ಬಣ್ಣದ ಗರಿ. 'ಫಾರ್ಮ್' ಎಂದರೆ ಮೊಲ ಹುಲ್ಲಿನಲ್ಲಿ ಮಲಗಿ ಮಾಡಿಕೊಂಡ ತಗ್ಗು. 'ಸ್ಕ್ರೇಪ್' ಎಂದರೆ ಟಿಟ್ಟಿಭದಂಥ ಹಕ್ಕಿ ನೆಲ ಕೆದರಿ ಮಾಡಿದ ಗೂಡು: ಹರಳು ಜೋಡಿಸಿದ ಸಣ್ಣ ಕುಳಿ, ಅಷ್ಟೇ.

'ಬಾರ್' ಮತ್ತು 'ಸ್ಟ್ರೀಕ್' ಬೇರೆ ಬೇರೆ ಎಂಬುದನ್ನು ಬಿಡಿಸಿ ಹೇಳಬೇಕು. ಬಾರ್ ಎಂದರೆ ದೇಹಕ್ಕೆ ಅಡ್ಡಲಾಗಿ ಹೋಗುವ ಪಟ್ಟಿ, ಸ್ಟ್ರೀಕ್ ಎಂದರೆ ಉದ್ದಕ್ಕೆ ಹೋಗುವ ಗೀರು. ಚಳಿಗಾಲದಲ್ಲಿ ನಮ್ಮ ಹಿನ್ನೀರುಗಳಿಗೆ ಬರುವ ಪಟ್ಟೆತಲೆ ಹೆಬ್ಬಾತಿನ ಬಿಳಿ ತಲೆಯ ಹಿಂದೆ ಎರಡು ಕಪ್ಪು ಅಡ್ಡಪಟ್ಟಿಗಳಿವೆ, ಅದಕ್ಕೇ ಅದು ಬಾರ್ ಹೆಡೆಡ್ ಗೂಸ್. ಎದೆಯ ಮೇಲೆ ಬಾರ್ ಇದೆ ಎಂದು ಪುಸ್ತಕ ಹೇಳಿದ್ದನ್ನು ನೀವು 'ಗೆರೆಗಳು' ಎಂದು ಮಾತ್ರ ಬರೆದುಕೊಂಡರೆ, ಒಂದೇ ಥರದ ಎರಡು ಹಕ್ಕಿಗಳನ್ನು ಬೇರ್ಪಡಿಸುವ ಗುರುತೇ ಹೋಯಿತು. ಕನ್ನಡದಲ್ಲಿ 'ಅಡ್ಡಪಟ್ಟಿ', 'ಉದ್ದಗೀರು' ಎಂದು ಮೊದಲೇ ಗೊತ್ತುಮಾಡಿಕೊಂಡು, ಆ ಮಾತನ್ನು ಬದಲಿಸದೆ ಬಳಸಿ.

ಮೊಬೈಲಿನ ಅನುವಾದ ಆ್ಯಪ್‌ಗಳು ಇಂಥಲ್ಲಿ ದಿನಬಳಕೆಯ ಅರ್ಥದ ಕಡೆಗೇ ಜಾರುವುದು ಹೆಚ್ಚು. ಬರೀ ಪದ ಹಾಕಿ ಹುಡುಕುವ ಬದಲು ಪದದ ಜೊತೆ 'ಬರ್ಡ್ ಅನಾಟಮಿ', 'ಬಾಟನಿ', 'ಜಿಯಾಲಜಿ' ಎಂದು ವಿಷಯವನ್ನೂ ಇಂಗ್ಲಿಷ್‌ನಲ್ಲಿ ಸೇರಿಸಿ ಹುಡುಕಿ, ಚಿತ್ರಗಳನ್ನೂ ನೋಡಿ.

ಪದವನ್ನು ಒಡೆಯುವುದು

ಪ್ರಕೃತಿ ವಿಜ್ಞಾನದ ಪದಗಳಲ್ಲಿ ಬಹುಪಾಲು ಗ್ರೀಕ್, ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಮಾಡಿದವು. ನಲವತ್ತು, ಐವತ್ತು ತುಂಡು ಕಲಿತರೆ ನೂರಾರು ಪದಗಳು ಅರ್ಧ ಬಿಚ್ಚಿಕೊಳ್ಳುತ್ತವೆ. 'ಫಿಲ್' ಎಲೆ, 'ಆಂಥ್' ಹೂವು, 'ಕಾರ್ಪ್' ಹಣ್ಣು, 'ಸ್ಪರ್ಮ್' ಬೀಜ, 'ಟೆರ್' ರೆಕ್ಕೆ, 'ಸೆಫಲ್' ತಲೆ, 'ಕಾಡ್' ಬಾಲ, 'ರಾಸ್ಟ್ರ್' ಕೊಕ್ಕು. ಬಣ್ಣಗಳಲ್ಲಿ 'ಮೆಲನೊ' ಕಪ್ಪು, 'ಲ್ಯೂಕೊ' ಬಿಳುಪು, 'ಎರಿಥ್ರೊ' ಕೆಂಪು, 'ಕ್ಸ್ಯಾಂಥೊ' ಹಳದಿ. ಮುತ್ತುಗದ ಲ್ಯಾಟಿನ್ ಹೆಸರು ಬ್ಯೂಟಿಯಾ ಮೋನೊಸ್ಪರ್ಮಾ: 'ಮೋನೊ' ಒಂದು, 'ಸ್ಪರ್ಮಾ' ಬೀಜ. ಮುತ್ತುಗದ ಕಾಯಿ ಒಡೆದು ನೋಡಿ, ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ ಇರುತ್ತದೆ.

ಸಣ್ಣ ತುಂಡುಗಳ ಕಡೆ ಹೆಚ್ಚು ಗಮನ ಕೊಡಿ. ವಿವರಣೆಗಳಲ್ಲಿ 'ಸಬ್' ಬಂದರೆ ಹೆಚ್ಚಾಗಿ 'ಬಹುಮಟ್ಟಿಗೆ, ಸುಮಾರಾಗಿ' ಎಂದರ್ಥ, 'ಕೆಳಗೆ' ಎಂದಲ್ಲ. 'ಸೆಸೈಲ್' ಎಂದರೆ ತೊಟ್ಟಿಲ್ಲದ ಎಲೆ, 'ಸಬ್‌ಸೆಸೈಲ್' ಎಂದರೆ ತೊಟ್ಟು ಇದ್ದೂ ಇಲ್ಲದಂತಿರುವ ಎಲೆ. 'ಎಸೆಂಟ್' ಕೊನೆಯಲ್ಲಿ ಬಂದರೆ 'ಹಾಗೆ ಆಗುತ್ತಿರುವ': 'ಗ್ಲೇಬ್ರಸ್' ಎಂದರೆ ಕೂದಲಿಲ್ಲದ್ದು, 'ಗ್ಲೇಬ್ರೆಸೆಂಟ್' ಎಂದರೆ ಎಳೆಯದಿದ್ದಾಗ ಕೂದಲಿದ್ದು ಬಲಿತಾಗ ಉದುರುವಂಥದ್ದು. 'ಆಬ್' ಆಕಾರಕ್ಕೆ ಸೇರಿದರೆ ತಲೆಕೆಳಗು: 'ಓವೇಟ್' ಎಲೆಯ ಅಗಲ ಭಾಗ ತೊಟ್ಟಿನ ಕಡೆ, 'ಆಬೊವೇಟ್' ಎಲೆಯ ಅಗಲ ಭಾಗ ತುದಿಯ ಕಡೆ.

ಆದರೆ ಒಡೆದು ಸಿಕ್ಕ ಅರ್ಥ ಊಹೆಯೇ ಹೊರತು ರುಜುವಾತಲ್ಲ. 'ಆಂಥೊ' ಹೂವು, 'ಆಂಥ್ರೊಪೊ' ಮನುಷ್ಯ, 'ಆಂಥ್ರಾಕ್ಸ್' ಗ್ರೀಕ್‌ನಲ್ಲಿ ಇದ್ದಿಲು. ದಾಳಿಂಬೆ, ದ್ರಾಕ್ಷಿ ಬೆಳೆಯುವವರಿಗೆ ಗೊತ್ತಿರುವ 'ಆಂಥ್ರಾಕ್ನೋಸ್' ಹೂವಿನ ರೋಗವಲ್ಲ. ಇದ್ದಿಲಿನ ಹಾಗೆ ಕಪ್ಪು ಕಲೆ ಬೀಳುವ ಚಿಬ್ಬು ರೋಗ. 'ಕಾರ್ಪ್' ಹಣ್ಣೂ ಹೌದು, ಕಟ್ಲಾ, ರೋಹುಗಳ ಮೀನಿನ ಗುಂಪೂ ಹೌದು. ಒಡೆದ ಮೇಲೆ ಪದಕೋಶದಲ್ಲಿ ತಾಳೆ ನೋಡಲೇಬೇಕು.

ಕಾಗುಣಿತದ ತೊಡಕು

ಪದವನ್ನು ಕನ್ನಡ ಲಿಪಿಯಲ್ಲಿ ಮಾತ್ರ ಬರೆದಿಟ್ಟರೆ ಮತ್ತೆ ಹುಡುಕಲು ಆಗುವುದಿಲ್ಲ. 'ಫಿಲ್' ಎಂದರೆ ಎಲೆಯೂ ಹೌದು, ಇಷ್ಟಪಡುವುದೂ ಹೌದು. ಎಲೆಯ 'ಫಿಲ್'ನಲ್ಲಿ ವೈ ಮತ್ತು ಎರಡು ಎಲ್, ಇಷ್ಟಪಡುವ 'ಫಿಲ್'ನಲ್ಲಿ ಐ ಮತ್ತು ಒಂದೇ ಎಲ್. ಕನ್ನಡದಲ್ಲಿ ಎರಡೂ ಒಂದೇ. ಆದ್ದರಿಂದ ಪುಟದ ಮೇಲ್ಗಡೆ ಇಂಗ್ಲಿಷ್ ಅಕ್ಷರದಲ್ಲಿ ಪದ, ಪಕ್ಕದಲ್ಲಿ ಕನ್ನಡದಲ್ಲಿ ಉಚ್ಚಾರ, ಹೀಗೆ ಎರಡನ್ನೂ ಬರೆಯಿರಿ. ಒಣಭೂಮಿಯ ಸಸ್ಯ 'ಜೆರೊಫೈಟ್' ಶುರುವಾಗುವುದು ಎಕ್ಸ್ ಅಕ್ಷರದಿಂದ, ಜರಿಗಿಡಗಳ ಗುಂಪು 'ಟೆರಿಡೊಫೈಟ್' ಶುರುವಾಗುವುದು ಪಿ ಅಕ್ಷರದಿಂದ. ಕೇಳಿದ ಪದ ಸಿಗದಿದ್ದರೆ ಉಚ್ಚಾರದಲ್ಲಿ ಸುಳಿವು ಕೊಡದ ಇಂಥ ಅಕ್ಷರಗಳನ್ನು ಹಾಕಿ ನೋಡಿ. ಬ್ರಿಟಿಷ್ ಪುಸ್ತಕದಲ್ಲಿ ಎ–ಇ ಅಥವಾ ಓ–ಇ ಜೋಡಿ ಇದ್ದರೆ ಅಮೆರಿಕದವರು ಬರೀ ಇ ಬರೆಯುತ್ತಾರೆ. ಮೇಲೆ ಹೇಳಿದ ಈಸ್ಟಿವೇಶನ್ನೂ ಹಾಗೆ ಎರಡು ಕಡೆ ಸಿಗುತ್ತದೆ.

ಬಹುವಚನವೂ ಕಾಡುತ್ತದೆ. 'ಜೆನೆರಾ' ಎಂಬುದು 'ಜೀನಸ್'ನ (ಹತ್ತಿರದ ಜಾತಿಗಳ ಗುಂಪು) ಬಹುವಚನ, 'ಲಾರ್ವೀ' ಎಂಬುದು 'ಲಾರ್ವಾ'ದ ಬಹುವಚನ. ನಿಘಂಟಿನಲ್ಲಿ ಏಕವಚನದ ಕೆಳಗೆ ಹುಡುಕಬೇಕು. 'ಸ್ಪೀಶೀಸ್', ಅಂದರೆ ಜಾತಿ, ಒಂದಕ್ಕೂ ಹಲವಕ್ಕೂ ಒಂದೇ ರೂಪ. ಕೊನೆಯ ಎಸ್ ತೆಗೆದರೆ 'ಸ್ಪೀಶಿ' ಎಂಬ ಬೇರೆಯೇ ಪದವಾಗುತ್ತದೆ, ಅದಕ್ಕೆ ನಾಣ್ಯರೂಪದ ಹಣ ಎಂದರ್ಥ.

ಎಕ್ಕದ ಗಿಡದ ಹತ್ತಿರ ಒಂದು ಗಂಟೆ

ಸಸ್ಯವಿವರಣೆಯ ಪದಗಳನ್ನು ಕಲಿಯಲು ಎಕ್ಕದಷ್ಟು ಒಳ್ಳೆಯ ಗಿಡ ಇಲ್ಲ. ರಸ್ತೆ ಬದಿ, ಹಾಳುಬಿದ್ದ ಜಾಗ, ಎಲ್ಲಿ ಬೇಕಾದರೂ ಸಿಗುತ್ತದೆ, ಭಾಗಗಳು ದೊಡ್ಡವು. ಒಂದು ಎಚ್ಚರಿಕೆ: ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮುಟ್ಟಿದ ಕೈಯನ್ನು ಮುಖಕ್ಕೆ ಒಯ್ಯಬೇಡಿ, ಕೆಲಸ ಮುಗಿದ ಕೂಡಲೇ ಸೋಪು ಹಾಕಿ ತೊಳೆಯಿರಿ, ಚಿಕ್ಕ ಮಕ್ಕಳ ಕೈಗೆ ಬ್ಲೇಡು ಕೊಡಬೇಡಿ.

ಮೊದಲು ಎಲೆ ಕೂಡುವ ಜಾಗ ನೋಡಿ. ಒಂದು ಗೆಣ್ಣಿನಲ್ಲಿ ಎದುರುಬದುರಾಗಿ ಎರಡು ಎಲೆ, ಇದು 'ಆಪೊಸಿಟ್'. ಮುಂದಿನ ಗೆಣ್ಣಿನ ಜೋಡಿ ಇದಕ್ಕೆ ಅಡ್ಡಲಾಗಿ ತಿರುಗಿದ್ದರೆ 'ಡಿಕಸೇಟ್'. ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಅಂದರೆ ಸಬ್‌ಸೆಸೈಲ್. ಎಲೆಯ ಬುಡದ ಎರಡು ಹಾಲೆಗಳು ಕಾಂಡವನ್ನು ತಬ್ಬಿಕೊಂಡಂತೆ ಇರುತ್ತವೆ, ಅದಕ್ಕೆ 'ಆಂಪ್ಲೆಕ್ಸಿಕಾಲ್'. ಎಳೆಯ ಎಲೆಯ ಅಡಿಭಾಗವನ್ನು ಮಸೂರದಲ್ಲಿ ನೋಡಿದರೆ ಹೆಣೆದುಕೊಂಡ ಬಿಳಿ ಕೂದಲಿನ ಹೊದಿಕೆ ಕಾಣುತ್ತದೆ, 'ಟೊಮೆಂಟೋಸ್' ಎಂದರೆ ಇದೇ. ಬಲಿತ ಎಲೆಯ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಉಜ್ಜಿ. ಬೂದಿ ಬಣ್ಣದ ಮೇಣದ ಪುಡಿ ಅಳಿಸಿಹೋಗಿ ಕೆಳಗಿನ ಹಸಿರು ಕಂಡರೆ ಅದು 'ಗ್ಲಾಕಸ್'. ಗ್ಲಾಕಸ್ ಮತ್ತು ಗ್ಲೇಬ್ರಸ್ ಪದಗಳನ್ನು ಬಹಳ ಜನ ಅದಲುಬದಲು ಮಾಡುತ್ತಾರೆ. ಉಜ್ಜಿ ನೋಡಿದವರಿಗೆ ಮುಂದೆ ಆ ಗೊಂದಲ ಬರುವುದಿಲ್ಲ: ಒಂದು ಅಳಿಸುವ ಮೇಣದ ಮಾತು, ಇನ್ನೊಂದು ಕೂದಲಿಲ್ಲದ ಮಾತು.

ಆಮೇಲೆ ಮೊಗ್ಗು. ಬಲಿತ ಮೊಗ್ಗನ್ನು ಎರಡು ಬೆರಳಲ್ಲಿ ಅದುಮಿದರೆ ಟಪ್ಪೆಂದು ಬಿಚ್ಚುತ್ತದೆ. ದಳಗಳು ಒಂದರ ಮೇಲೊಂದು ಹಾಯದೆ, ಅಂಚಿಗೆ ಅಂಚು ತಾಗಿ ನಿಂತಿರುವುದರಿಂದ ಹೊಲಿಗೆ ಬಿಟ್ಟಂತೆ ಬಿಡುತ್ತವೆ. ಈ ರೀತಿಯ ಈಸ್ಟಿವೇಶನ್ನಿಗೆ 'ವ್ಯಾಲ್ವೇಟ್' ಎಂದು ಹೆಸರು. ಪಕ್ಕದಲ್ಲೇ ದಾಸವಾಳದ ಮೊಗ್ಗು ಇಟ್ಟುಕೊಂಡು ನೋಡಿ, ಅದರ ದಳಗಳು ಒಂದರ ಅಂಚನ್ನು ಒಂದು ಮುಚ್ಚಿ ಸುರುಳಿಯಾಗಿ ಸುತ್ತಿಕೊಂಡಿರುತ್ತವೆ: 'ಕಂಟಾರ್ಟೆಡ್' ಅಥವಾ 'ಟ್ವಿಸ್ಟೆಡ್'. ಒಂದು ಹೂವಿನ ತೊಟ್ಟು 'ಪೆಡಿಸೆಲ್', ಇಡೀ ಗೊಂಚಲಿನ ತೊಟ್ಟು 'ಪೆಡಂಕಲ್' ಎಂಬುದನ್ನೂ ಇಲ್ಲೇ ಗುರುತಿಸಿಕೊಳ್ಳಿ.

ಒಣಗಿದ ಕಾಯಿ ಸಿಕ್ಕರೆ ಅದು ಒಂದೇ ಬದಿಯ ಗೆರೆಯಲ್ಲಿ ಸೀಳಿರುವುದನ್ನು ನೋಡಿ: 'ಫಾಲಿಕಲ್'. ತೊಗರಿ, ಹೆಸರಿನ ಕಾಯಿ ಎರಡೂ ಬದಿ ಸೀಳುವಂಥವು, ಅವು 'ಲೆಗ್ಯೂಮ್'. ಎಕ್ಕದ ಬೀಜದ ತುದಿಯ ರೇಷ್ಮೆಯಂಥ ಕುಚ್ಚಿಗೆ 'ಕೋಮಾ' ಎನ್ನುತ್ತಾರೆ. ಆಸ್ಪತ್ರೆಯ ಕೋಮಾ ಬೇರೆ, ಅದು ಗಾಢನಿದ್ರೆ ಎಂಬ ಗ್ರೀಕ್ ಪದದಿಂದ ಬಂದದ್ದು. ಇದು ಕೂದಲು ಎಂಬ ಪದದಿಂದ. ಧೂಮಕೇತುವಿನ 'ಕಾಮೆಟ್' ಎಂಬ ಹೆಸರೂ ಅದೇ ಮೂಲದ್ದು.

ಒಂದೇ ಗಿಡದಲ್ಲಿ ಹತ್ತಕ್ಕೂ ಹೆಚ್ಚು ಪದ ಕೈಗೆ ಸಿಕ್ಕವು. ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬಿಟ್ಟು, ಚಿಕ್ಕ ಗೆರೆಚಿತ್ರ ಬರೆಯಿರಿ. ಚಿತ್ರ ಚೆಂದ ಇರಬೇಕಿಲ್ಲ, ಬಾಣದ ಗುರುತು ಸರಿಯಾದ ಜಾಗ ಮುಟ್ಟಬೇಕು.

ಹಳೆಯ ಗೆಜೆಟಿಯರ್ ಓದುವಾಗ

ನಮ್ಮ ಬೆಳಗಾವಿ, ವಿಜಯಪುರ (ಹಿಂದಿನ ಬಿಜಾಪುರ), ಬಾಗಲಕೋಟೆ ಜಿಲ್ಲೆಗಳ ಬಹುಭಾಗ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆದ್ದರಿಂದ ಹಳೆಯ ಮಾಹಿತಿ ಮೈಸೂರಿನ ಪುಸ್ತಕಗಳಲ್ಲಿ ಸಿಗದು. ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ, ಅಂದರೆ ಬ್ರಿಟಿಷ್ ಸರ್ಕಾರದ ಜಿಲ್ಲಾ ಮಾಹಿತಿ ಗ್ರಂಥದ, ಬೆಳಗಾವಿ ಮತ್ತು ಬಿಜಾಪುರ ಸಂಪುಟಗಳು 1884ರವು, ಥಿಯೋಡರ್ ಕುಕ್ ಬರೆದ ಮುಂಬಯಿ ಪ್ರಾಂತ್ಯದ ಸಸ್ಯಸಂಪತ್ತಿನ ಗ್ರಂಥ 1901ರಿಂದ 1908ರ ನಡುವಿನದು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿನ ಊರುಗಳನ್ನು ಬಿಜಾಪುರ ಸಂಪುಟದಲ್ಲಿ ಹುಡುಕಿ. ಇಂಟರ್‌ನೆಟ್ ಆರ್ಕೈವ್‌ನಂಥ ಕಡೆ ಇವು ಉಚಿತವಾಗಿ ಸಿಗುತ್ತವೆ.

ಅಲ್ಲಿನ 'ಟ್ಯಾಂಕ್' ಎಂದರೆ ಕೆರೆ ಅಥವಾ ಹೊಂಡ. 'ಟ್ರ್ಯಾಪ್' ಎಂದರೆ ಬೋನಲ್ಲ, ಲಾವಾ ಹರಿದು ಆದ ಕರಿಕಲ್ಲು; ಮೆಟ್ಟಿಲು ಎಂಬ ಸ್ವೀಡಿಷ್ ಪದದಿಂದ ಬಂದದ್ದು, ಡೆಕ್ಕನ್ ಟ್ರ್ಯಾಪ್ ಪ್ರದೇಶದ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದೂ ಅದಕ್ಕೆ ಹೊಂದುತ್ತದೆ. ವಿಜಯಪುರದ ಎರಿ ಹೊಲಗಳ ಕಪ್ಪು ಮಣ್ಣು ಈ ಕಲ್ಲು ಸವೆದು ಆದದ್ದು. 'ಬ್ಲ್ಯಾಕ್ ಕಾಟನ್ ಸಾಯಿಲ್', 'ರೆಗರ್' ಎರಡೂ ಅದೇ. 'ಲ್ಯಾಟರೈಟ್' ನಮ್ಮ ಜಂಬಿಟ್ಟಿಗೆ ಕಲ್ಲು, ಬೆಳಗಾವಿ ಸುತ್ತಮುತ್ತ ಹೇರಳ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇಟ್ಟಿಗೆ ಎಂಬ ಲ್ಯಾಟಿನ್ ಪದದಿಂದ ಈ ಹೆಸರು ಮಾಡಿದ.

ಬೆಳೆಗಳ ಹೆಸರಿನಲ್ಲಿ ಹೆಚ್ಚು ಹುಷಾರಾಗಿರಿ. 'ಇಂಡಿಯನ್ ಮಿಲೆಟ್' ಅಥವಾ 'ಗ್ರೇಟ್ ಮಿಲೆಟ್' ಎಂದರೆ ಜೋಳ, 'ಸ್ಪೈಕ್ಡ್ ಮಿಲೆಟ್' ಎಂದರೆ ಸಜ್ಜೆ. 'ಇಂಡಿಯನ್ ಕಾರ್ನ್' ಮಾತ್ರ ಗೋವಿನಜೋಳ. ಬರೀ 'ಕಾರ್ನ್' ಎಂದಿದ್ದರೆ ಬ್ರಿಟಿಷರ ಮಾತಿನಲ್ಲಿ ಯಾವುದೇ ಕಾಳಿನ ಬೆಳೆ, ಅಮೆರಿಕದವರ ಮಾತಿನಲ್ಲಿ ಗೋವಿನಜೋಳ. ಬಿಳಿಜೋಳದ ನಾಡಿನ ಹಳೆಯ ದಾಖಲೆಯಲ್ಲಿ ಕಾರ್ನ್ ಕಂಡಲ್ಲೆಲ್ಲ ಗೋವಿನಜೋಳ ಎಂದು ಬರೆದರೆ ಇತಿಹಾಸವೇ ತಪ್ಪುತ್ತದೆ. 'ಸ್ಯಾಫ್ಲವರ್' ಕುಸುಬೆ, 'ಸ್ಯಾಫ್ರನ್' ಕೇಸರಿ. 'ಬಾಸ್ಟರ್ಡ್ ಸ್ಯಾಫ್ರನ್' ಎಂದಿದ್ದರೂ ಕುಸುಬೆಯೇ.

ಕನ್ನಡದಲ್ಲಿ ಬರೆದುಕೊಳ್ಳುವಾಗ

ಇಂಗ್ಲಿಷ್‌ನ ಎರಡು ಪದಕ್ಕೆ ಕನ್ನಡದಲ್ಲಿ ಒಂದೇ ಮಾತಿರುವ ಕಡೆ ವಿವರ ಸೇರಿಸಿ. 'ಹಾರ್ನ್', 'ಆಂಟ್ಲರ್' ಎರಡಕ್ಕೂ ನಾವು ಕೋಡು ಎನ್ನುತ್ತೇವೆ. ಹಾರ್ನ್ ಎಂದರೆ ಎಲುಬಿನ ತಿರುಳಿನ ಮೇಲೆ ಕೊಂಬಿನ ಕವಚ ಇರುವಂಥದ್ದು, ಉದುರುವುದಿಲ್ಲ: ಆಕಳು, ಕೃಷ್ಣಮೃಗ, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ವನ್ಯಧಾಮದ ಚಿಂಕಾರ. ಆಂಟ್ಲರ್ ಪೂರ್ತಿ ಎಲುಬು, ಕವಲೊಡೆಯುತ್ತದೆ, ಉದುರಿ ಮತ್ತೆ ಬೆಳೆಯುತ್ತದೆ: ಚುಕ್ಕೆಜಿಂಕೆ, ಕಡವೆ. 'ಉದುರದ ಕೋಡು', 'ಉದುರುವ ಕವಲುಕೋಡು' ಎಂದು ಬರೆದರೆ ಸಾಕು. ಸರಿಯಾದ ಕನ್ನಡ ಪದ ಸಿಗದಿದ್ದಾಗ ಸಂಸ್ಕೃತದಿಂದ ಹೊಸದು ಕಟ್ಟಲು ಹೋಗುವುದಕ್ಕಿಂತ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಇಟ್ಟು, ಪಕ್ಕದಲ್ಲಿ ಒಂದು ಸಾಲಿನ ವಿವರಣೆ ಬರೆಯುವುದು ಮೇಲು. ಭೀಮಗಡ ಕಾಡಿನ ಬಾರಾಪೆಡೆ ಗುಹೆಗಳಿಂದ 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ರಾಟನ್ಸ್ ಫ್ರೀ ಟೇಲ್ಡ್ ಬಾವಲಿಯನ್ನೇ ನೋಡಿ. 'ಫ್ರೀ ಟೇಲ್ಡ್' ಎಂದರೆ ಬಾಲ ಸ್ವತಂತ್ರ ಎಂದಲ್ಲ. ಕಾಲುಗಳ ನಡುವಿನ ತೊಗಲಿನ ಪೊರೆಯನ್ನು ದಾಟಿ ಬಾಲದ ತುದಿ ಹೊರಗೆ ಚಾಚಿರುತ್ತದೆ ಎಂದು. 'ಪೊರೆ ದಾಟಿದ ಬಾಲದ ಬಾವಲಿ' ಎಂದರೆ ಯಾರಿಗೂ ತಿಳಿಯುತ್ತದೆ.

ಬರೆದ ಕನ್ನಡ ಪದವನ್ನು ಹಿಮ್ಮುಖವಾಗಿಯೂ ಪರೀಕ್ಷಿಸಿ. 1894ರ ಕಿಟ್ಟೆಲ್ ನಿಘಂಟಿನಲ್ಲಿ ಎಷ್ಟೋ ಗಿಡಮರಗಳ ಕನ್ನಡ ಹೆಸರಿನ ಮುಂದೆ ಲ್ಯಾಟಿನ್ ಹೆಸರಿದೆ, ಅದನ್ನು ನಿಮ್ಮದರ ಜೊತೆ ತಾಳೆ ಹಾಕಬಹುದು.

ಲ್ಯಾಟಿನ್ ಹೆಸರಿನ ಬಾಲಗಳು

ಹೆಸರಿನ ಕೊನೆಗೆ 'ಎಲ್' ಎಂಬ ಒಂಟಿ ಅಕ್ಷರ ಚುಕ್ಕೆಯೊಡನೆ ಬಂದರೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟ ಹೆಸರು. 'ರಾಕ್ಸ್‌ಬ್' ಎಂದರೆ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್. ಆವರಣದೊಳಗೆ ಒಬ್ಬರ ಹೆಸರು, ಹೊರಗೆ ಇನ್ನೊಬ್ಬರದು ಇದ್ದರೆ, ಮೊದಲನೆಯವರು ಹೆಸರಿಟ್ಟ ಗಿಡವನ್ನು ಎರಡನೆಯವರು ಬೇರೆ ಜೀನಸ್‌ಗೆ ಸೇರಿಸಿದರು ಎಂದರ್ಥ. 'ಎಸ್‌ಪಿ' ಎಂದರೆ ಜೀನಸ್ ಗೊತ್ತಿದೆ, ಜಾತಿ ಗೊತ್ತಾಗಿಲ್ಲ. 'ಎಸ್‌ಪಿಪಿ' ಎಂದರೆ ಆ ಜೀನಸ್ಸಿನ ಹಲವು ಜಾತಿಗಳು. 'ಸಿಎಫ್' ಎಂದರೆ ಇದೇ ಇರಬಹುದು, ಹೋಲಿಸಿ ನೋಡಿ.

ಈ ಹೆಸರುಗಳೂ ಬದಲಾಗುತ್ತವೆ. ನಮ್ಮ ಕರಿಜಾಲಿ ಹಳೆಯ ಪುಸ್ತಕಗಳಲ್ಲಿ ಅಕೇಶಿಯಾ ಅರಾಬಿಕಾ, ನಂತರದವುಗಳಲ್ಲಿ ಅಕೇಶಿಯಾ ನೈಲೋಟಿಕಾ, ಈಗ ವಚೇಲಿಯಾ ನೈಲೋಟಿಕಾ. ಮುತ್ತುಗ ಕುಕ್‌ನ ಕಾಲದಲ್ಲಿ ಬ್ಯೂಟಿಯಾ ಫ್ರಾಂಡೋಸಾ ಆಗಿತ್ತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ಆನ್‌ಲೈನ್ ಪಟ್ಟಿಯಲ್ಲಿ ಹಳೆಯ ಹೆಸರು ಹಾಕಿದರೆ ಈಗ ಒಪ್ಪಿರುವ ಹೆಸರು ತೋರಿಸುತ್ತದೆ. ನೋಟ್‌ಬುಕ್ಕಿನಲ್ಲಿ ಹಳೆಯದನ್ನು ಹೊಡೆದುಹಾಕಬೇಡಿ, ಪಕ್ಕದಲ್ಲಿ ಹೊಸದನ್ನು ಬರೆದು ಪುಸ್ತಕದ ವರ್ಷ ಹಾಕಿ. ಮುಂದೆ ಯಾವ ಕಾಲದ ಪುಸ್ತಕ ತೆರೆದರೂ ಯಾವ ಹೆಸರಿನಲ್ಲಿ ಹುಡುಕಬೇಕೆಂದು ಆ ಪುಟದಿಂದಲೇ ಗೊತ್ತಾಗುತ್ತದೆ.